ಕಳಿಸದೆ ಇಟ್ಟ ಕಿವಿಮಾತು

ವಧೂವರರ ಮಾಹಿತಿ ನೋಡಿಕೊಳ್ಳುವ ನಮ್ಮಂಥವರಿಗೆ "ಬೇಡ" ಎಂದು ತಿಳಿಸಲು ಇರುವುದು ಒಂದೇ ವಾಕ್ಯ: "ಜಾತಕ ಕೂಡಿಬರಲಿಲ್ಲ, ಕ್ಷಮಿಸಿ. ಬೇಗ ಒಳ್ಳೆಯ ಸಂಬಂಧ ಒದಗಲಿ." ಹುಡುಗನ ತಲೆಗೂದಲು ಹಿಂದೆ ಸರಿದಿರಲಿ, ಹುಡುಗಿಯ ತಾಯಿಯ ಬಾಯಿ ಜೋರಿರಲಿ, ಹೋದವರಿಗೆ ಕೊಟ್ಟ ಕಾಫಿ ತಣ್ಣಗಿರಲಿ, ಉತ್ತರ ಅದೇ. ಪಡೆದವರು ಯಾಕೆ ಎಂದು ಕೇಳುವುದಿಲ್ಲ. ಕೇಳಬಾರದು ಎಂಬುದು ಎಲ್ಲರಿಗೂ ಗೊತ್ತು. ನಾಳೆ ಅವರೂ ಯಾರಿಗೋ ಇದೇ ವಾಕ್ಯವನ್ನು ಹೇಳುವವರೇ. ಶನಿ, ಕುಜ, ರಾಹುಗಳ ಮೇಲೆ ನಾವು ಹೊರಿಸಿದ ಅಪವಾದ ಸಣ್ಣದಲ್ಲ. ಮನುಷ್ಯರ ಮಾನ ಉಳಿಸಲು ಹೊತ್ತಿದ್ದೇವೆ ಎಂದು ಗ್ರಹಗಳೂ ಸುಮ್ಮನಿವೆ ಎಂದು ನಾನು ನಂಬಿದ್ದೇನೆ.

ಈ ಕೆಲಸ ಮಾಡುವವರು ಇಬ್ಬರು. ನಾನು ಭದ್ರಾವತಿಯ ಜನ್ನಾಪುರದಲ್ಲಿ, ಅಡುಗೆಮನೆಗೆ ಅಂಟಿದ ಮೇಜಿನ ಮೇಲೆ ಹಳೆಯ ಲ್ಯಾಪ್‌ಟಾಪ್ ಇಟ್ಟುಕೊಂಡು. ಇನ್ನೊಬ್ಬರು ಶಿವಮೊಗ್ಗದ ದುರ್ಗಿಗುಡಿಯಲ್ಲಿ, ತಮ್ಮ ಫೋನಿನಲ್ಲಿ. ಅವರು ಪ್ರೈಮರಿ ಶಾಲೆಯಿಂದ ನಿವೃತ್ತರಾದವರು, ಎಲ್ಲರಿಗೂ ಟೀಚರ್. ಮೇಲ್ ಪೆಟ್ಟಿಗೆ ಒಂದೇ, ಪಾಸ್‌ವರ್ಡ್ ಒಂದೇ. ಆ ವಿಳಾಸ ನಮ್ಮ ಸಮಾಜದ ಪಂಚಾಂಗದ ಹಿಂದಿನ ಪುಟದಲ್ಲಿ ಅಚ್ಚಾಗಿ ಎಲ್ಲರ ಮನೆಯ ಗೋಡೆಯ ಮೇಲೆ ನೇತಾಡುತ್ತಿದೆ. ಇದನ್ನು ಮೊದಲೇ ಹೇಳಿಬಿಡುತ್ತೇನೆ. "ಆ ಪೆಟ್ಟಿಗೆ ಬಿಟ್ಟು ಬೇರೆ ಮಾಡ್ಕೋಬಾರ್ದಿತ್ತಾ" ಎಂದು ಆಮೇಲೆ ಕೇಳಿದವರು ಬಹಳ.

ಟೀಚರ್‌ಗೆ ಕಿವಿ ಮಂದ. ಫೋನಿನಲ್ಲಿ ಅವರಿಗೆ ಕೇಳಿಸಬೇಕಾದರೆ ಕೂಗಬೇಕು. ನಮ್ಮದು ಸಾಲುಮನೆ, ಪಕ್ಕದವರದ್ದೂ ನಮ್ಮದೂ ಒಂದೇ ಗೋಡೆ. ಯಾರ ಮನೆಯ ಹುಡುಗಿಗೆ ಏನು ತೊಂದರೆ, ಯಾವ ಹುಡುಗನ ನಿಶ್ಚಿತಾರ್ಥ ಯಾಕೆ ಮುರಿಯಿತು, ಇದನ್ನೆಲ್ಲ ಕೂಗಿ ಹೇಳುವುದು ಹೇಗೆ? ಮೆಸೇಜು ಹಾಕಿದರೆ ಅವರ ಫೋನು ಮೊಮ್ಮಕ್ಕಳ ಕೈಯಲ್ಲಿ, ಬಂದದ್ದನ್ನೆಲ್ಲ ಅವೇ ಓದುತ್ತವೆ. ಮೇಲ್ ಮಾತ್ರ ತೆರೆಯುವುದಿಲ್ಲ. ಅದಕ್ಕೆ ನಾವೊಂದು ಉಪಾಯ ಕಂಡುಕೊಂಡಿದ್ದೆವು. ಹೊಸ ಮೇಲ್ ತೆರೆದು, ಯಾರ ವಿಳಾಸವನ್ನೂ ಹಾಕದೆ, ಹೇಳಬೇಕಾದ್ದನ್ನು ಬರೆದು ಹಾಗೇ ಮುಚ್ಚಿಬಿಡುವುದು. ಅದು ಡ್ರಾಫ್ಟ್‌ನಲ್ಲಿ ಕೂತಿರುತ್ತದೆ. ಟೀಚರ್ ಅಲ್ಲಿಂದ ತೆರೆದು ಓದುತ್ತಾರೆ, ಕೆಳಗೆ ತಮ್ಮದೊಂದು ಸಾಲು ಸೇರಿಸುತ್ತಾರೆ. ಕಿವಿಮಾತು ಎಂದೇ ಅದಕ್ಕೆ ಹೆಸರಿಟ್ಟಿದ್ದೆವು. ಕಳಿಸದ ಕಾಗದ ಯಾರಿಗೂ ತಲುಪುವುದಿಲ್ಲ, ಬಾಯಿಂದ ಹೊರಬೀಳದ ಮಾತಿನ ಹಾಗೆ. ಅದು ನಮ್ಮ ನಂಬಿಕೆ.

ನವರಾತ್ರಿ ಕಳೆದ ಮೇಲೆ ಪೆಟ್ಟಿಗೆಯಲ್ಲಿ ಹೊಸದೊಂದು ಬಂತು. ಉತ್ತರ ಬರೆಯಲು ಕೂತರೆ ನಾನು ಎರಡು ಅಕ್ಷರ ಒತ್ತುವಷ್ಟರಲ್ಲಿ ಮುಂದಿನ ವಾಕ್ಯ ಬೂದು ಬಣ್ಣದಲ್ಲಿ ತಾನೇ ಮೂಡುವುದು. ಒಪ್ಪಿಗೆಯಾದರೆ ಒಂದು ಕೀಲಿ ಒತ್ತಬೇಕು, ಬೂದು ಹೋಗಿ ಕಪ್ಪಾಗುತ್ತದೆ. ಟೀಚರ ಫೋನಿನಲ್ಲಂತೂ ಇಡೀ ಉತ್ತರವೇ ಸಿದ್ಧವಾಗಿ ಕೆಳಗೆ ನಿಂತಿರುತ್ತದೆ, ಹೆಬ್ಬೆರಳು ತಾಗಿಸಿದರೆ ಸಾಕು.

"ಎಷ್ಟು ಚೆಂದ ಬರೆಯುತ್ತೆ ಮಾರಾಯ್ತಿ! 'ತಮ್ಮ ಕುಟುಂಬದೊಂದಿಗೆ ಬೆರೆಯುವ ಅವಕಾಶ ದೊರೆತದ್ದು ನಮ್ಮ ಭಾಗ್ಯ' ಅಂತೆ. ನಾನು ಮೂವತ್ತು ವರ್ಷ ಕನ್ನಡ ಕಲಿಸ್ದೋಳು, ನಂಗೇ ಇಂಥದ್ದು ಹೊಳೆಯಲ್ಲ" ಎಂದು ಟೀಚರ್ ಫೋನಿನಲ್ಲಿ ಕೂಗಿದರು. ಅವರೂ ಕೂಗುತ್ತಾರೆ. ತಮಗೆ ಕೇಳಿಸದ್ದು ಬೇರೆಯವರಿಗೂ ಕೇಳಿಸುವುದಿಲ್ಲ ಎಂದು.

ನನಗೂ ಹಿತವಾಗಿತ್ತು. ಸುಳ್ಳು ಹೇಳುವುದಿಲ್ಲ. ಕುಕ್ಕರ್ ಕೂಗುವುದರೊಳಗೆ ನಾಲ್ಕು ಮನೆಗೆ ಉತ್ತರ ಹೋಗುತ್ತಿತ್ತು. ಕೈಬೆರಳ ಗಂಟು ನೋಯುವವಳಿಗೆ ಇದು ರಾಯರ ದಯೆ ಎಂದೇ ತಿಳಿದಿದ್ದೆ.

ಮೊದಲು ಎದೆ ಹಾರಿದ್ದು ಒಂದು ಮಾಮೂಲಿ ಉತ್ತರ ಬರೆಯುವಾಗ. ಹುಡುಗನ ಕಡೆಯವರು ವಿಚಾರಿಸಿ ಬರೆದಿದ್ದರು. ಹುಡುಗಿಯ ಮನೆಯವರಿಗೆ ಒಪ್ಪಿಗೆ ಇರಲಿಲ್ಲ, ಅವನ ಹಿಂದಿನ ನಿಶ್ಚಿತಾರ್ಥ ಮುರಿದ ಸುದ್ದಿ ಅವರಿಗೆ ಸಿಕ್ಕಿತ್ತು. ನಾನು ರೂಢಿಯಂತೆ "ಜಾತಕ" ಎಂದು ಒತ್ತಿದೆ. ಬೂದು ಅಕ್ಷರ ಮುಂದುವರಿಯಿತು: "ಜಾತಕ ಉತ್ತಮವಾಗಿ ಕೂಡಿಬಂದಿದೆ. ಆದರೆ ತಮ್ಮ ಮಗನ ಹಿಂದಿನ ನಿಶ್ಚಿತಾರ್ಥ ಮುರಿದಿರುವ ಕಾರಣ ಹುಡುಗಿಯ ಮನೆಯವರು ಹಿಂದೆ ಸರಿದಿದ್ದಾರೆ."

ಬೆಂಕಿ ಮುಟ್ಟಿದವಳಂತೆ ಕೈ ತೆಗೆದೆ. ಅದು ಹೇಳಿದ್ದರಲ್ಲಿ ಒಂದಕ್ಷರ ಸುಳ್ಳಿರಲಿಲ್ಲ. ಬೂದು ಅಕ್ಷರ ತಾನಾಗಿ ಹೋಗುವುದಿಲ್ಲವಲ್ಲ, ಅಷ್ಟು ಪುಣ್ಯ. ಅಳಿಸಿ ನಮ್ಮ ಹಳೆಯ ವಾಕ್ಯವನ್ನು ಅಕ್ಷರ ಅಕ್ಷರ ಕುಟ್ಟಿ ಕಳಿಸಿದೆ.

ಟೀಚರ್‌ಗೆ ಫೋನು ಮಾಡಿ, ಸೆರಗಿನಿಂದ ಬಾಯಿ ಮುಚ್ಚಿಕೊಂಡು, ಕೂಗಿಯೂ ಕೂಗದಂತೆ ಹೇಳಿದೆ. ಮೊದಲು ನಕ್ಕರು. ಆಮೇಲೆ ನೆನಪಿಸಿಕೊಂಡರು.

"ನಾನು ಎಷ್ಟೋ ಉತ್ತರ ಓದದೇನೇ ಒತ್ತಿದೀನಿ ಕಣೇ."

ಕಳಿಸಿದ್ದನ್ನೆಲ್ಲ ನೋಡೋಣ ಎಂದು ಪೆಟ್ಟಿಗೆಯ "ಕಳುಹಿಸಿದವು" ತೆರೆದೆ. ನಾನು ಕಳಿಸಿದ್ದೊಂದೇ ಇತ್ತು, ಉಳಿದದ್ದು ಖಾಲಿ. ಪೆಟ್ಟಿಗೆ ತುಂಬಿತು ಎಂದು ಮೇಲೆ ಕೆಂಪು ಗೆರೆ ಬರುತ್ತದಲ್ಲ, ಅದನ್ನು ಕಂಡರೆ ಟೀಚರ್‌ಗೆ ಆಗದು. ಕಪ್ಪುಹಲಗೆ ಒರೆಸಿದ ಹಾಗೆ ಆಗಾಗ ಕಳಿಸಿದ್ದನ್ನೆಲ್ಲ ಅಳಿಸುತ್ತಾರೆ, ಕಸದ ಬುಟ್ಟಿಯನ್ನೂ ಖಾಲಿ ಮಾಡುತ್ತಾರೆ. "ಕ್ಲಾಸು ಬಿಡುವಾಗ ಹಲಗೆ ಸ್ವಚ್ಛ ಇರ್ಬೇಕು" ಎನ್ನುವ ಕೈ. ಯಾರಿಗೆ ಏನು ಹೋಗಿದೆ ಎಂದು ತಿಳಿಯುವ ದಾರಿಯೇ ಇಲ್ಲ. ಯಾರೂ ಸಿಟ್ಟಿನಿಂದ ಬರೆದಿಲ್ಲ, ಅಷ್ಟೇ ಸಮಾಧಾನ.

ಈ ಯಂತ್ರ ವಿಷಯವನ್ನು ಎಲ್ಲಿಂದ ಹೆಕ್ಕುತ್ತದೆ ಎಂಬುದು ನನ್ನ ಮುಂದಿನ ಪ್ರಶ್ನೆ. ಬಂದ ಕಾಗದಗಳನ್ನು ಓದುತ್ತದೆ, ಹೋದವನ್ನು ಓದುತ್ತದೆ. ಆ ನಿಶ್ಚಿತಾರ್ಥದ ಸಂಗತಿ ಹುಡುಗಿಯ ತಂದೆಯೇ ಬರೆದು ಕಳಿಸಿದ್ದು. ಹಾಗಾಗಿ ಸೂಕ್ಷ್ಮ ವಿಷಯವಿದ್ದ ಕಾಗದಗಳನ್ನೆಲ್ಲ ಹುಡುಕಿ ಅಳಿಸುತ್ತ ಕೂತೆ. ಇದು ಸೊಪ್ಪು ಸೋಸಿದ ಹಾಗಲ್ಲ. ಒಂದು ಕಾಗದಕ್ಕೆ ಉತ್ತರ ಕೊಟ್ಟರೆ ಹಳೆಯದೆಲ್ಲ ಅದರ ಕೆಳಗೆ ಬಾಲದಂತೆ ಅಂಟಿರುತ್ತದೆ. ತಾಯಿಯನ್ನು ಅಳಿಸಿದರೆ ಮರಿಯಲ್ಲಿ ಅದೇ ಮಾತು. ಮಧ್ಯಾಹ್ನದ ನಿದ್ದೆ ಬಿಟ್ಟು ಇದನ್ನೇ ಮಾಡಿದೆ. ಕಿವಿಮಾತುಗಳನ್ನು ಮಾತ್ರ ಮುಟ್ಟಲಿಲ್ಲ. ಅವು ಬಂದದ್ದೂ ಅಲ್ಲ, ಹೋದದ್ದೂ ಅಲ್ಲವಲ್ಲ.

ಆ ಕಿವಿಮಾತುಗಳಲ್ಲಿ ಒಂದು ಓಲ್ಡ್ ಟೌನಿನ ಹುಡುಗಿಯದು.

ಸಹಕಾರ ಸಂಘವೊಂದರಲ್ಲಿ ಕೆಲಸ ಮಾಡುವ ಹುಡುಗಿ. ಚಿಕ್ಕಂದಿನಿಂದ ಮೂರ್ಛೆಯ ತೊಂದರೆ. ಈಗ ಮಾತ್ರೆಯಲ್ಲಿ ಪೂರ್ತಿ ಹತೋಟಿಯಲ್ಲಿದೆ, ಹೆಡ್ ಕ್ಯಾಷಿಯರ್‌ಗೂ ಗೊತ್ತಿಲ್ಲ. ಹಿಂದೆ ಎರಡು ಸಂಬಂಧ ಬಂದಿದ್ದವು. ಎರಡು ಸಲವೂ ಯಾರೋ ಮೊದಲೇ ಹೇಳಿ, ನೋಡಲು ಬಂದವರು ಹುಡುಗಿಯ ಮುಖ ನೋಡಲಿಲ್ಲ, ಕೈ ನಡುಗುತ್ತದಾ ಎಂದು ಕಾಫಿ ಲೋಟ ನೋಡಿದರು. ಅದಕ್ಕೇ ಅವಳು ನನ್ನ ಮುಂದೆ ಕೂತು ಒಂದು ಷರತ್ತು ಹಾಕಿದ್ದಳು.

"ಆಂಟಿ, ಮುಚ್ಚಿಡಿ ಅಂತ ನಾನು ಹೇಳ್ತಿಲ್ಲ. ಮುಚ್ಚಿಟ್ಟು ಮದುವೆ ಆಗೋದು ನಂಗೂ ಬೇಡ. ಆದ್ರೆ ನಾನೇ ಹೇಳ್ತೀನಿ. ಹುಡುಗನ ಎದುರಿಗೆ ಕೂತು, ನನ್ನ ಬಾಯಲ್ಲೇ. ಅದಕ್ಕೂ ಮೊದ್ಲು ಯಾರೂ ಹೇಳ್ಬಾರ್ದು."

ಕೇಳಬೇಕಾದ್ದನ್ನೇ ಕೇಳಿದ್ದಳು. ತೊಂದರೆಯ ಸಂಗತಿ ಟೀಚರ್‌ಗೂ ಗೊತ್ತಿತ್ತು. ಷರತ್ತು ಅರಿಯದೆ ಎಲ್ಲಾದರೂ ಬಾಯಿ ಬಿಟ್ಟಾರು ಎಂದು, ಎಚ್ಚರಿಸಲೆಂದೇ, ಅದನ್ನು ಕಿವಿಮಾತಾಗಿ ಬರೆದಿಟ್ಟೆ. ಕೊನೆಯಲ್ಲಿ "ಇದು ಗುಟ್ಟು, ಅವಳೇ ಹೇಳುತ್ತಾಳೆ" ಎಂದೂ ಸೇರಿಸಿದ್ದೆ.

ಶಿವಮೊಗ್ಗದ ಒಂದು ಮನೆಯಿಂದ ಒಳ್ಳೆಯ ಸಂಬಂಧ ಬಂತು. ಜಾತಕ ನೋಡಿದ ಪುರೋಹಿತರು "ಇದಕ್ಕಿಂತ ಕೂಡೋದು ಅಂದ್ರೆ ಪಾರ್ವತಿ ಪರಮೇಶ್ವರರದ್ದೇ ಆಗ್ಬೇಕು" ಎಂದರು. ಹುಡುಗನ ತಂದೆ ಮಿತಭಾಷಿ. ಅವರ ಕಾಗದಗಳೆಂದರೆ ತಂತಿ ಬಂದ ಹಾಗೆ: "ಆಗಬಹುದು. ಭಾನುವಾರ ಬರುತ್ತೇವೆ." ಆ ವಾರದ ನಡುವೆ ಅವರದೇ ಇನ್ನೊಂದು ಬಂತು: "ಮನೆತನ ಆರೋಗ್ಯ ಏನಾದರೂ ತಿಳಿದಿರಬೇಕಾದ್ದು ಇದ್ದರೆ ತಿಳಿಸಿ."

ಎಲ್ಲ ಗಂಡಿನ ಕಡೆಯವರೂ ಕೇಳುವ ಪ್ರಶ್ನೆಯೇ. "ಎದುರಿಗೆ ಕೂತು ಮಾತಾಡೋಣ" ಎನ್ನುವುದು ನಮ್ಮ ಉತ್ತರ. ಬರೆಯಲು ತೆರೆದೆ. ಒಂದಕ್ಷರ ಒತ್ತುವ ಮೊದಲೇ ಬೂದು ಸಾಲುಗಳು ಇಳಿದುಬಂದವು: "ನಮಸ್ಕಾರ. ಹುಡುಗಿಗೆ ಬಾಲ್ಯದಿಂದ ಮೂರ್ಛೆಯ ತೊಂದರೆ ಇದ್ದು, ಮಾತ್ರೆಯಿಂದ ಹತೋಟಿಯಲ್ಲಿದೆ. ಈ ವಿಷಯವನ್ನು ಆಕೆ ಸ್ವತಃ ತಿಳಿಸಲು ಬಯಸುತ್ತಾರೆ. ಆದ್ದರಿಂದ ದಯವಿಟ್ಟು ಗೋಪ್ಯವಾಗಿಡಿ."

ಗುಟ್ಟನ್ನು ಹೇಳಿ, ಗುಟ್ಟಾಗಿಡಿ ಎಂದು ಕೈಮುಗಿದಿತ್ತು. ದೇವರ ಮುಂದೆ ದೀಪ ಉರಿಯುತ್ತಿತ್ತು. ನಾನು ಅದನ್ನೂ ಇದನ್ನೂ ನೋಡುತ್ತ ಕೂತೆ. ಕಳಿಸದೆ ಇಟ್ಟದ್ದನ್ನೂ ಇದು ಓದುತ್ತದೆ. ಮನಸ್ಸಿನಲ್ಲಿ ಅಂದುಕೊಂಡದ್ದನ್ನು ಪಕ್ಕದವರು ಗಟ್ಟಿಯಾಗಿ ಓದಿದ ಹಾಗಿತ್ತು.

ನನ್ನ ಲ್ಯಾಪ್‌ಟಾಪಿನಲ್ಲಿ ಬಂದದ್ದು ಟೀಚರ ಫೋನಿನಲ್ಲೂ ಬಂದಿರುತ್ತದೆ. ಅಲ್ಲಿ ಅದು ಹೆಬ್ಬೆರಳಿನ ಕೆಳಗೇ ನಿಂತಿರುತ್ತದೆ.

ಫೋನು ಮಾಡಿದೆ. "ಟೀಚರ್, ಮುಟ್ಬೇಡಿ!"

"ಏನು?"

"ಮುಟ್ಬೇಡಿ! ಶಿವಮೊಗ್ಗದವರ ಮೇಲು! ಮುಟ್ಬೇಡೀ!"

ಗೋಡೆಯಾಚೆಯಿಂದ ಪಕ್ಕದ ಮನೆಯಾಕೆ, "ಏನಕ್ಕಾ, ಕರೆಂಟ್ ಹೊಡೀತಾ?" ಎಂದಳು.

"ಇಲ್ಲ ಕಣೇ, ನೀನು ನಿನ್ನ ಕೆಲಸ ನೋಡ್ಕೋ!"

ಟೀಚರ್‌ಗೆ ಅರ್ಥವಾಗುವಷ್ಟರಲ್ಲಿ ನನ್ನ ಗಂಟಲು ಹೋಗಿತ್ತು. ಅವರ ದನಿ ಮಾತ್ರ ಸಣ್ಣದಾಯಿತು. ಅಷ್ಟು ಸಣ್ಣ ದನಿ ಅವರಲ್ಲಿದೆ ಎಂದೇ ನನಗೆ ಗೊತ್ತಿರಲಿಲ್ಲ.

"ಬೆಳಿಗ್ಗೆ ಎರಡು ಮೂರು ಮೇಲಿಗೆ ಉತ್ತರ ಒತ್ತಿದೆ ಕಣೇ. ಇವರದ್ದೂ ಅದರಲ್ಲಿ ಇತ್ತಾ ಇಲ್ವಾ... ಕನ್ನಡಕ ಹಾಕಿರ್ಲಿಲ್ಲ."

"ಕಳಿಸಿದ್ದು ಇದೆಯಾ ನೋಡಿ."

"ಆಗಲೇ ಒರೆಸ್ಬಿಟ್ಟೆ."

ಬಂದ ಕಾಗದದ ಪಕ್ಕ ಉತ್ತರ ಹೋಗಿದೆ ಎಂಬ ಬಾಣದ ಗುರುತು ಇರುತ್ತದೆಯೇ ಎಂದು ನೋಡಿದೆ. ನಮ್ಮ ಪೆಟ್ಟಿಗೆಯಲ್ಲಿ ಅಂಥದ್ದಿಲ್ಲ. ಹುಡುಗನ ತಂದೆಗೇ ಫೋನು ಮಾಡಿ ಕೇಳೋಣವೆಂದರೆ, "ನಮ್ಮ ಉತ್ತರ ಬಂತಾ?" ಎಂದರೆ "ಯಾವ ಉತ್ತರ?" ಎನ್ನುತ್ತಾರೆ. "ಅದನ್ನು ಓದಬೇಡಿ" ಎಂದರೆ ಅಲ್ಲಿಗೆ ಏನೋ ಇದೆ ಎಂದು ನಾನೇ ಹೇಳಿಕೊಟ್ಟ ಹಾಗೆ. ಬಾಯಿ ಬಿಟ್ಟರೆ ಒಂದು, ಬಿಡದಿದ್ದರೆ ಇನ್ನೊಂದು. ಬಾವಿಗೆ ಬಿದ್ದ ಬಿಂದಿಗೆಯನ್ನು ಮೇಲಿಂದ ಬಗ್ಗಿ ನೋಡಿದಂತೆ ಆ ಪೆಟ್ಟಿಗೆಯನ್ನು ನೋಡುತ್ತ ಕೂತೆ.

ಮೊದಲು ಯಂತ್ರದ ಬಾಯಿ ಮುಚ್ಚಿಸಬೇಕಿತ್ತು. ಸೆಟ್ಟಿಂಗ್ಸ್‌ನ ಒಳಗೆ, ಅದರೊಳಗೆ ಇನ್ನೊಂದು, ಅದರ ತಳದಲ್ಲಿ ಆ ಸ್ವಿಚ್ಚು ಸಿಕ್ಕಿತು. ನಾವು ಯಾವತ್ತೂ ಹಾಕಿದ್ದಲ್ಲ, ಹಾಕಿಕೊಂಡೇ ಬಂದಿತ್ತು. ಆರಿಸಲು ಹೋದರೆ ಎಚ್ಚರಿಕೆ ಬಂತು: ಇದನ್ನು ಆರಿಸಿದರೆ ಕಾಗದಗಳು ತಾವಾಗಿ ವಿಂಗಡವಾಗುವುದಿಲ್ಲ, ದಿನಾಂಕ ನೆನಪಿಸುವುದಿಲ್ಲ, ಕಾಗುಣಿತ ತಿದ್ದುವುದಿಲ್ಲ. ಬರೆಯುವ ಸಹಾಯ ಒಂದನ್ನೇ ಆರಿಸುವ ಹಾಗಿಲ್ಲ. ಬೇಕಾದರೆ ಎಲ್ಲ ಇಟ್ಟುಕೋ, ಬೇಡವಾದರೆ ಎಲ್ಲ ಬಿಡು. ಆರಿಸಿದೆ. ವರ್ಷಗಳಿಂದ ಗಂಡಿನ ಕಡೆ, ಹೆಣ್ಣಿನ ಕಡೆ ಎಂದು ಬೇರೆ ಬೇರೆ ಇದ್ದ ಕಾಗದಗಳೆಲ್ಲ ಮದುವೆ ಛತ್ರದ ಬಾಗಿಲಿನ ಚಪ್ಪಲಿಗಳಂತೆ ಒಂದರ ಮೇಲೊಂದು ಬಿದ್ದವು. ಕಿವಿಮಾತುಗಳನ್ನು ಒಂದೊಂದೇ ತೆರೆದು ಅಳಿಸಿದೆ. ಹುಡುಗಿಯದನ್ನು ಮೊದಲು.

ಆದರೂ ಟೀಚರ ಫೋನಿನಲ್ಲಿ ಸಿದ್ಧ ಉತ್ತರ ಬರುವುದು ತಪ್ಪಿರಲಿಲ್ಲ. ಫೋನಿಗೆ ಬೇರೆಯೇ ಸ್ವಿಚ್ಚು. ಅದನ್ನು ಆರಿಸುವ ದಾರಿಯನ್ನು ಹಂತ ಹಂತವಾಗಿ ಫೋನಿನಲ್ಲಿ ಕೂಗಿದೆ. ಅಷ್ಟು ಹೊತ್ತಿಗೆ ಪಕ್ಕದ ಮನೆಯಾಕೆಗೂ ಅದು ಬಾಯಿಪಾಠವಾಗಿ, "ಅಕ್ಕಾ, ನಂದೂ ಆರಿಸ್ದೆ" ಎಂದಳು. ಒಬ್ಬಳಿಗಾದರೂ ಉಪಕಾರವಾಯಿತು.

ಸಹಾಯದ ಪುಟವನ್ನೂ ಓದಿದೆ. ನಿಮ್ಮ ಮಾಹಿತಿ ನಿಮ್ಮದೇ ಎಂದು ಒಂದು ಕಡೆ. ಸೇವೆಯನ್ನು ಉತ್ತಮಗೊಳಿಸಲು ಬಳಸಬಹುದು ಎಂದು ಇನ್ನೊಂದು ಕಡೆ. ಅಳಿಸಿದ ಮೇಲೆ ಅದಕ್ಕೆ ಮರೆತುಹೋಗುತ್ತದೆಯೇ? ಈ ಪ್ರಶ್ನೆಗೆ ಉತ್ತರ ಎಲ್ಲಿಯೂ ಇರಲಿಲ್ಲ. ಕೇಳಲು ಒಂದು ಕಿಂಡಿ ಇತ್ತು, ಕೇಳಿದೆ. ಅಲ್ಲಿ ಉತ್ತರ ಕೊಟ್ಟದ್ದೂ ಅಂಥದ್ದೇ ಒಂದು ಯಂತ್ರ. "ನಿಮ್ಮ ಕಳವಳ ನನಗೆ ಅರ್ಥವಾಗುತ್ತದೆ" ಎಂದಿತು.

ನಮ್ಮವರು ಮಾಚೇನಹಳ್ಳಿಯ ಒಂದು ಸಣ್ಣ ಕಾರ್ಖಾನೆಯಲ್ಲಿ ಸೂಪರ್‌ವೈಸರ್. ಸಂಜೆ ಬಂದು ಬೂಟು ಬಿಚ್ಚುತ್ತ ಎಲ್ಲ ಕೇಳಿಸಿಕೊಂಡರು.

"ನಮ್ಮಲ್ಲಿ ಗಿರಾಕಿಗಳ ಡ್ರಾಯಿಂಗು ಮೇಲಲ್ಲಿ ಬರುತ್ತಲ್ಲ, ಅದಕ್ಕೇ ಓನರ್ರು ಇಡೀ ಫ್ಯಾಕ್ಟರಿಗೆ ಒಂದೇ ಸಲ ಅದನ್ನ ಬಂದ್ ಮಾಡಿಸಿದ್ರು. ಅವರದ್ದು ದುಡ್ಡು ಕಟ್ಟಿ ತಗೊಂಡಿದ್ದು. ನಿಮ್ಮದು ಪುಕ್ಕಟೆ."

"ಹಂಗಾದ್ರೆ ಕಬ್ಬಿಣದ ಗುಟ್ಟಿಗೆ ಬೀಗ ಇದೆ, ಹುಡುಗಿ ಗುಟ್ಟಿಗೆ ಇಲ್ಲ?"

"ಹಂಗೇ ಅಂತ ಇಟ್ಕೋ." ಆಮೇಲೆ ಕಾಫಿ ಕುಡಿದು, "ಅವಳಿಗೆ ಹೇಳ್ಬಿಡು" ಎಂದರು.

"ಹೋಗಿದೆಯೋ ಇಲ್ವೋ ಗೊತ್ತಿಲ್ಲದೆ ಹೇಳಿ ಹೆದರಿಸ್ಲಾ? ಹೋಗಿಲ್ಲದೇನೂ ಇರಬಹುದು."

"ಹೋಗಿದ್ರೆ? ಭಾನುವಾರ ಮತ್ತೆ ಕಾಫಿ ಲೋಟ ನೋಡ್ತಾರೆ. ಅವಳಿಗೆ ಯಾಕೆ ಅಂತಾನೂ ಗೊತ್ತಿರಲ್ಲ."

ಅಲ್ಲಿಯವರೆಗೆ ನಾನು ಹೇಳದಿರುವುದಕ್ಕೆ ಕಾರಣಗಳನ್ನು ಕೂಡಿಸಿಕೊಳ್ಳುತ್ತಿದ್ದೆ. ರಾಯರು ಕಾಯುತ್ತಾರೆ, ಟೀಚರ್ ಬೇರೆ ಯಾರಿಗೋ ಒತ್ತಿರಬೇಕು, ಹುಡುಗನ ತಂದೆ ಮೇಲ್ ನೋಡಿರಲಿಕ್ಕಿಲ್ಲ. ದೇವರ ಮೇಲೆ ಭಾರ ಹಾಕುವುದಕ್ಕೂ, ನನ್ನ ಕೆಲಸವನ್ನು ದೇವರ ತಲೆಗೆ ಕಟ್ಟುವುದಕ್ಕೂ ವ್ಯತ್ಯಾಸವಿದೆ. ಮರುದಿನ ಪೂಜೆ ಮುಗಿಸಿ, ಸಾರಿಗೆ ಒಗ್ಗರಣೆ ಹಾಕಿಟ್ಟು, ಓಲ್ಡ್ ಟೌನಿನ ಬಸ್ಸು ಹತ್ತಿದೆ.

ಹೊಳೆ ದಾಟುವಾಗ ರೂಢಿಯಂತೆ ಕೈಮುಗಿದೆ. ಏನು ಬೇಡಬೇಕೆಂದು ತೋಚಲಿಲ್ಲ. ಬಸ್ಸಿನಲ್ಲಿ ಸೀಟು ಸಿಕ್ಕಿತ್ತು, ಅದನ್ನೇ ನೆನೆದೆ.

ಸಂಘದ ಕಟ್ಟಡದ ಹಿಂದೆ ಮೆಟ್ಟಿಲ ಮೇಲೆ ಕೂತು ಹುಡುಗಿ ಊಟ ಮಾಡುತ್ತಿದ್ದಳು. ಮೊಸರನ್ನದ ಡಬ್ಬಿ, ಪಕ್ಕದಲ್ಲಿ ಮಾತ್ರೆ ಇಟ್ಟುಕೊಂಡಿದ್ದ ಸಣ್ಣ ಪರ್ಸು. ನನ್ನನ್ನು ಕಂಡು ಮುಖ ಅರಳಿತು.

"ಬನ್ನಿ ಆಂಟಿ! ಭಾನುವಾರಕ್ಕೆ ಯಾವ ಸೀರೆ ಅಂತ ಕೇಳೋಕ್ ಬಂದ್ರಾ? ಅಮ್ಮ ನಿಮ್ಮನ್ನೂ ಬಿಟ್ಟಿಲ್ಲ ಅಂತಾಯ್ತು."

ಹೇಳಿದೆ. ನಡುವೆ ನಿಲ್ಲಿಸಿದರೆ ಮತ್ತೆ ಬಾಯಿ ಬರುವುದಿಲ್ಲ ಎಂದು ಒಂದೇ ಉಸಿರಿಗೆ ಹೇಳಿದೆ. ಅವಳು ಚಮಚವನ್ನು ಡಬ್ಬಿಯೊಳಗೆ ಇಟ್ಟಳು.

"ನೀವು ಅದನ್ನ ಬರೆದಿದ್ದು ಯಾಕೆ?"

"ಯಾರಿಗೂ ಕಳಿಸ್ಲಿಲ್ಲ ಕಣಮ್ಮ. ಟೀಚರ್ ಬಾಯಿ ಬಿಡದೇ ಇರ್ಲಿ ಅಂತ ಬರೆದು ಇಟ್ಟಿದ್ದೆ, ಅಷ್ಟೇ."

"ಬರೆದು ಇಡೋದು ಅಂದ್ರೇ ಹೇಳೋದು ಆಂಟಿ, ಈಗ." ಅವಳ ದನಿ ಏರಲಿಲ್ಲ. ಏರಿದ್ದರೆ ನನಗೆ ಹಗುರವಾಗುತ್ತಿತ್ತು. "ಹಿಂದೆ ಹೇಳ್ದೋರು ಯಾರು ಅಂತನಾದ್ರೂ ಗೊತ್ತಿತ್ತು. ಒಬ್ರು ನಮ್ಮ ಸೋದರತ್ತೆ. ಸಿಟ್ಟು ಮಾಡ್ಕೊಂಡೆ, ಮಾತು ಬಿಟ್ಟೆ. ಇದ್ರಲ್ಲಿ ಯಾರ ಜೊತೆ ಮಾತು ಬಿಡ್ಲಿ?"

"ನನ್ನ ಜೊತೆ ಬಿಡು."

"ನಿಮ್ ಜೊತೆ ಬಿಟ್ರೆ ನಂಗೆ ಗಂಡು ಹುಡುಕೋರು ಯಾರು?" ಎಂದಳು. ನಗಲಿಲ್ಲ, ಆದರೆ ಮಾತು ನಗುವಿನ ಹತ್ತಿರ ಬಂದು ನಿಂತಿತು. ನಾನು ಆ ಕ್ಷಣವನ್ನು ರಾಯರ ಪಾದಕ್ಕೆ ಹಾಕಿದೆ.

ಗೇಟಿನಾಚೆ ಬಾಳೆಹಣ್ಣಿನ ಗಾಡಿಯವನು ಕೂಗುತ್ತಿದ್ದ. "ಹೋಗಿಲ್ಲದೇನೂ ಇರಬಹುದು ಅಲ್ವಾ?" ಎಂದಳು.

"ಇರಬಹುದು."

"ಹೋಗಿರಲೂಬಹುದು."

"ಹೌದಮ್ಮ."

"ಅಂದ್ರೆ ಭಾನುವಾರದ ತನಕ ನಾನು ಕಾದ್ರೆ, ಅವರು ಓದಿ ಆಗಿದ್ದನ್ನೇ ನಾನು ಹೇಳಿದಂಗೆ ಆಗುತ್ತೆ. ಸಿಕ್ಕಿಬಿದ್ದ ಮೇಲೆ ಒಪ್ಕೊಂಡಂಗೆ." ಕೈ ಚಾಚಿದಳು. "ಹುಡುಗನ ನಂಬರ್ ಕೊಡಿ."

ನೋಡುವ ಶಾಸ್ತ್ರ ಆಗುವ ಮೊದಲು ಹುಡುಗಿಯೇ ಹುಡುಗನಿಗೆ ಫೋನು ಮಾಡುವ ಪದ್ಧತಿ ನಮ್ಮಲ್ಲಿಲ್ಲ. ಎರಡೂ ಕಡೆಯವರು ಒಪ್ಪುವವರೆಗೆ ನಂಬರು ಕೊಡುವುದಿಲ್ಲ ಎಂಬುದು ನಾನೇ ಮಾಡಿದ ನಿಯಮ. ಎಷ್ಟೋ ತಾಯಂದಿರಿಗೆ ಗದರಿಸಿಯೂ ಇದ್ದೇನೆ. ಚೀಲದಿಂದ ಕನ್ನಡಕ ತೆಗೆದು, ನಂಬರು ಓದಿ ಹೇಳಿದೆ.

ಅವಳು ಎದ್ದು ಕಾಂಪೌಂಡಿನ ಮೂಲೆಗೆ ಹೋದಳು. ನಾನು ಮೊಸರನ್ನದ ಡಬ್ಬಿಗೆ ನೊಣ ಕೂರದಂತೆ ಕೈಯಾಡಿಸುತ್ತ ಕೂತೆ. ಮಾತು ಕೇಳಿಸುತ್ತಿರಲಿಲ್ಲ. ಬೆನ್ನು ಕಾಣುತ್ತಿತ್ತು. ಒಂದು ಕೈಯಲ್ಲಿ ಗೋಡೆಯ ಸುಣ್ಣ ಕೆರೆಯುತ್ತಿದ್ದಳು. ಆ ಹೊತ್ತು ಎಷ್ಟಿತ್ತೋ, ವಿಷ್ಣು ಸಹಸ್ರನಾಮ ಶುರುಮಾಡಿದವಳು ಯಾವ ನಾಮದಲ್ಲಿದ್ದೇನೆ ಎಂಬುದು ತಪ್ಪಿ, ಮತ್ತೆ ಮೊದಲಿಂದ ಹಿಡಿದೆ.

ತಿರುಗಿ ಬಂದಾಗ ಅವಳ ಉಗುರೆಲ್ಲ ಬಿಳಿ.

"ಹೇಳ್ದೆ."

"ಏನಂದ?"

"'ಹೇಳಿದ್ದಕ್ಕೆ ಥ್ಯಾಂಕ್ಸ್' ಅಂದ. ಯಾವ ಮಾತ್ರೆ ಅಂತ ಕೇಳ್ದ. ಭಾನುವಾರ ಬರ್ತೀವಿ ಅಂದ."

"ಮೊದಲೇ ಗೊತ್ತಿತ್ತಾ?"

"ದನಿಯಲ್ಲಿ ಗೊತ್ತಾಗ್ಲಿಲ್ಲ ಆಂಟಿ." ಕೂತು, ಡಬ್ಬಿ ಎತ್ತಿಕೊಂಡು, ಉಳಿದ ಅನ್ನವನ್ನೆಲ್ಲ ತಿಂದಳು. "ನಾನೂ ಕೇಳ್ಲಿಲ್ಲ. ಕೇಳಿದ್ರೆ ನಾನು ಹೇಳಿದ್ದು ಹೋಗಿ, ಅದು ಹೇಳಿದ್ದೇ ಮಾತಾಗ್ತಿತ್ತು."

ಭಾನುವಾರ ಅವರು ಬಂದರು. ನಾನೂ ಇದ್ದೆ. ಉಪ್ಪಿಟ್ಟು, ಕೇಸರಿಬಾತು ಎಲ್ಲ ಚೆನ್ನಾಗಿತ್ತು. ಹುಡುಗಿ ಕಾಫಿಯ ತಟ್ಟೆ ಹಿಡಿದು ಬಂದಾಗ ನಾನು ಅವಳನ್ನು ನೋಡಲಿಲ್ಲ, ಬಂದವರ ಕಣ್ಣುಗಳನ್ನು ನೋಡಿದೆ. ಹುಡುಗ ಅವಳ ಮುಖ ನೋಡಿದ. ತಾಯಿ ಸೀರೆಯ ಅಂಚು ನೋಡಿದರು. ತಂದೆ ಗೋಡೆಯ ಮೇಲಿನ ಪಂಚಾಂಗ ನೋಡುತ್ತಿದ್ದರು, ಅದರ ಹಿಂದಿನ ಪುಟದಲ್ಲಿ ನಮ್ಮ ವಿಳಾಸ. ಲೋಟವನ್ನು ಯಾರೂ ನೋಡಲಿಲ್ಲ. ಹುಡುಗ ಹುಡುಗಿ ಹಿತ್ತಿಲ ಕಡೆ ಹೋಗಿ ಮಾತಾಡಿ ಬಂದರು. ಏನನ್ನೋ ನೆನೆದು ಇಬ್ಬರೂ ನಗುತ್ತಿದ್ದರು. ಹೊರಡುವಾಗ ತಂದೆ ಎಲ್ಲರಿಗೂ ಕೈಮುಗಿದರು, ನನಗೂ. ಅದರಲ್ಲಿ ಹೆಚ್ಚು ಕಡಿಮೆ ಏನೂ ಕಾಣಲಿಲ್ಲ.

ಮುಂದಿನ ಶುಕ್ರವಾರದ ಪೂಜೆಗೆ ಹೂವು ಕಟ್ಟುತ್ತಿದ್ದಾಗ ಪೆಟ್ಟಿಗೆಯಲ್ಲಿ ಅವರ ಕಾಗದ ಬಂತು.

"ನಮಸ್ಕಾರ. ತಮ್ಮ ಕುಟುಂಬದೊಂದಿಗೆ ಬೆರೆಯುವ ಅವಕಾಶ ದೊರೆತದ್ದು ನಮ್ಮ ಭಾಗ್ಯ. ಹುಡುಗಿ ಸುಸಂಸ್ಕೃತಳೂ ಸುಗುಣೆಯೂ ಆಗಿದ್ದಾಳೆ. ಆದರೆ ಜಾತಕ ಕೂಡಿಬರಲಿಲ್ಲವಾದ್ದರಿಂದ ವಿಷಾದಿಸುತ್ತೇವೆ."

ಒಂದು ಸಲ ಓದಿ ಮತ್ತೆ ಓದಿದೆ. "ಆಗಬಹುದು. ಬರುತ್ತೇವೆ" ಎಂದು ಬರೆಯುವವರ ಕೈ ಇದಲ್ಲ. ಆ ಮೊದಲ ಸಾಲು ಟೀಚರ್ ನನಗೆ ಫೋನಿನಲ್ಲಿ ಕೂಗಿ ಓದಿದ ಸಾಲು, ಅಕ್ಷರಕ್ಕೆ ಅಕ್ಷರ. ಅವರ ಮನೆಯ ಫೋನಿನಲ್ಲೂ ಬೂದು ಅಕ್ಷರ ಮೂಡುತ್ತದೆ. "ಜಾತಕ ಕೂಡಿಬರಲಿಲ್ಲ" ಎಂಬುದನ್ನು ಮಾತ್ರ ಅವರೇ ತಮ್ಮ ಕೈಯಿಂದ ಬರೆದಿರಬೇಕು, ನಾನು ಬರೆಯುತ್ತಿದ್ದ ಹಾಗೆ, ಅದು ಬೇರೇನೋ ಹೇಳಲು ಹೊರಟಿದ್ದನ್ನು ಅಳಿಸಿ. ಏನನ್ನು ಅಳಿಸಿದರು? ಮೂರ್ಛೆಯನ್ನೇ? ಅಥವಾ ಹುಡುಗಿ ತಾನಾಗಿ ಫೋನು ಮಾಡಿದ್ದನ್ನೇ? ಕಾಫಿ ತಣ್ಣಗಿತ್ತೇ? ಅವರ ಪೆಟ್ಟಿಗೆಗೆ ಗೊತ್ತಿರುತ್ತದೆ. ನಮಗೆ ಯಾವತ್ತೂ ಗೊತ್ತಾಗುವುದಿಲ್ಲ.

ಅವಳ ತಾಯಿಗೆ ಫೋನು ಮಾಡಿ, "ಜಾತಕ ಕೂಡಿಬರಲಿಲ್ಲವಂತೆ" ಎಂದೆ. ಪುರೋಹಿತರು ಪಾರ್ವತಿ ಪರಮೇಶ್ವರರ ಮಾತು ಹೇಳಿದಾಗ ಆಕೆ ನನ್ನ ಪಕ್ಕದಲ್ಲೇ ಕೂತಿದ್ದವರು. "ಹೌದಾ... ಹೋಗ್ಲಿ ಬಿಡಿ. ಕುಜದೋಷ ಇರ್ಬೇಕು" ಎಂದರು. ಫೋನನ್ನು ಹುಡುಗಿ ತೆಗೆದುಕೊಂಡಳು.

"ಆಂಟಿ, ನನ್ನ ವಿವರ ತೆಗೀಬೇಡಿ. ಮುಂದಿನೋರು ಬರ್ಲಿ. ಆದ್ರೆ ಅದೊಂದನ್ನ ಮಾತ್ರ ಎಲ್ಲೂ ಬರೀಬೇಡಿ. ಬರೆದು ಇಡಲೂಬೇಡಿ."

"ಇಲ್ಲ ಕಣಮ್ಮ."

ಪೆಟ್ಟಿಗೆ ಈಗಲೂ ಅದೇ. ಬೇರೆಯದಕ್ಕೆ ದುಡ್ಡಿಲ್ಲ, ಪಂಚಾಂಗದ ಹಿಂದಿನ ಪುಟವನ್ನು ಮುಂದಿನ ಯುಗಾದಿಯವರೆಗೆ ಬದಲಿಸುವ ಹಾಗಿಲ್ಲ. ದಿನಾ ಬೆಳಿಗ್ಗೆ ದೀಪ ಹಚ್ಚಿದ ಮೇಲೆ ಮೊದಲ ಕೆಲಸ, ಆ ಸ್ವಿಚ್ಚು ಆರಿಯೇ ಇದೆಯಾ ಎಂದು ನೋಡುವುದು. ಒಮ್ಮೆ ಏನೋ ಹೊಸದು ಬಂದು ತಾನಾಗಿ ಹತ್ತಿಕೊಂಡಿತ್ತು, ಮತ್ತೆ ಆರಿಸಿದೆ. ವಿಂಗಡಿಸುವುದು, ನೆನಪಿಡುವುದು ಎಲ್ಲ ಈಗ ನನ್ನ ತಲೆಯೇ. ತಲೆ ಇನ್ನೂ ಕೆಲಸ ಮಾಡುತ್ತಿದೆ, ಅದೇ ದೊಡ್ಡದು.

ಕಿವಿಮಾತಿದ್ದರೆ ಶಿವಮೊಗ್ಗದ ಬಸ್ಸು ಹತ್ತುತ್ತೇನೆ. ಆ ವಾರವೂ ಹೋದೆ. ಭಜನಾ ಮಂದಿರದ ಹಿಂದಿನ ಜಗಲಿಯಲ್ಲಿ ಟೀಚರ್ ಕಾದಿದ್ದರು. ನಾನು ಅವರ ಕಿವಿಗೆ ಬಾಗಿದೆ.

"ಏನು? ಜೋರಾಗಿ ಹೇಳೇ!" ಎಂದರು. ಒಳಗೆ ಭಜನೆಗೆ ಕೂತವರು ತಿರುಗಿ ನೋಡಿದರು.

ಟೀಚರ್ ತಮ್ಮ ಚೀಲಕ್ಕೆ ಕೈಹಾಕಿ ಒಂದು ಸ್ಲೇಟು ತೆಗೆದರು. ಮರದ ಚೌಕಟ್ಟಿನದು, ಶಾಲೆಯ ಕಾಲದ್ದು. ಒಂದು ತುಂಡು ಬಳಪವನ್ನೂ ಕೊಟ್ಟರು. ಮೊಣಕಾಲ ಮೇಲಿಟ್ಟುಕೊಂಡು ಬರೆದೆ: "ಅವಳೇ ಹೇಳಿದಳು."

ಕನ್ನಡಕ ಏರಿಸಿ ಓದಿದರು. ತುಟಿ ಕಚ್ಚಿಕೊಂಡರು. "ಅವರು?" ಎಂದು ಕೈಯಲ್ಲಿ ಕೇಳಿದರು.

ಕೆಳಗೆ ಬರೆದೆ: "ಜಾತಕ ಕೂಡಲಿಲ್ಲ."

ಟೀಚರ್ ಅದನ್ನು ಬಹಳ ಹೊತ್ತು ನೋಡಿದರು. ನಂತರ ಒದ್ದೆ ಬಟ್ಟೆಯಿಂದ ಸ್ಲೇಟು ಒರೆಸಿದರು, ಮೂಲೆಗಳನ್ನೂ ಬಿಡದೆ. ಒರೆಸಿದ ಮೇಲೂ ತೇವದ ಅಡಿಯಲ್ಲಿ ಅಕ್ಷರಗಳ ನೆರಳು ಸ್ವಲ್ಪ ಕಾಣುತ್ತಿತ್ತು. ಒಳಗೆ ಮಂಗಳಾರತಿಗೆ ಕರೆದರು. ಅದು ಒಣಗುವ ತನಕ ನಾವಿಬ್ಬರೂ ಏಳಲಿಲ್ಲ.